ಗೋಡೆಯಿಂದ ಇಳಿದ ರೊಟ್ಟಿ

"ಮುಟ್ಟಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ ಓತಿನ್‌ಬೀ, ಆ ರೊಟ್ಟಿ ಮಾತ್ರ ಇಳಿಸಬೇಡಿ!"

ಜುಮ್ರದ್ ಅಡ್ಡ ಬರುವಷ್ಟರಲ್ಲಿ ಹುರ್ಮತ್ ಓತಿನ್ ಜಗುಲಿ ಹತ್ತಿ, ಮೊಳೆಗೆ ತೂಗಿದ್ದ ರೊಟ್ಟಿಯನ್ನು ಕೈಗೆ ತೆಗೆದುಕೊಂಡಾಗಿತ್ತು. ನೆರೆಮನೆಯಿಂದ ಬಂದು ಕೂತಿದ್ದ ಹೆಂಗಸರು ಕೆನ್ನೆ ಕೆನ್ನೆ ಬಡಿದುಕೊಂಡರು.

ಸಮರ್ಕಂದಿನಲ್ಲಿ ದೂರದ ದಾರಿಗೆ ಹೊರಟವನು ರೊಟ್ಟಿಯನ್ನು ಒಂದು ಸಲ ಕಚ್ಚಿ ಮನೆಯಲ್ಲಿ ಬಿಟ್ಟು ಹೋಗುತ್ತಾನೆ. ಉಳಿದದ್ದನ್ನು ಅವನೇ ಬಂದು ತಿನ್ನಬೇಕು. ಅಲ್ಲಿಯವರೆಗೆ ಅದನ್ನು ಗೋಡೆಯಿಂದ ಇಳಿಸಿದವರು ಅವನು ಮರಳುವ ದಾರಿಯನ್ನೇ ಕಡಿದ ಹಾಗೆ. ಹುರ್ಮತ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಗಂಡ ಕಚ್ಚಿಟ್ಟು ಹೋದ ರೊಟ್ಟಿ ವರ್ಷಗಟ್ಟಲೆ ತೂಗಿ, ಹುಳ ಹಿಡಿದು, ಮೊಳೆಯಲ್ಲೇ ಪುಡಿಯಾಗಿತ್ತು. ಅವಳು ಅದನ್ನು ಕೊನೆಯವರೆಗೂ ಮುಟ್ಟಿರಲಿಲ್ಲ.

ಆದರೆ ಇವತ್ತು ಮುಟ್ಟದೆ ವಿಧಿಯಿರಲಿಲ್ಲ. ಜುಮ್ರದಳ ಗಂಡ, ನಮಾಜಿನ ಹೊತ್ತಿನ ಲೆಕ್ಕ ಇಡುವ ಮುಲ್ಲಾ ತುರ್ಸುನ್, ದೂರದ್ದನ್ನು ಹತ್ತಿರ ತೋರಿಸುವ, ಫರಂಗಿಗಳ ನಾಡಿನಿಂದ ಬಂದ ದೂರನಳಿಗೆ, ಎರಡೂ ನಾಲ್ಕು ದಿನದ ಹಿಂದೆ ಒಂದೇ ರಾತ್ರಿ ಊರಿನಿಂದ ಮಾಯವಾಗಿದ್ದವು. ನಾಳೆ ಶುಕ್ರವಾರದ ನಮಾಜು ಮುಗಿದ ಮೇಲೆ ಖಾಜಿ ತೀರ್ಪು ಹೇಳುತ್ತಾನೆ. ತುರ್ಸುನ್ ಕಳ್ಳನೆಂದಾದರೆ ನಾಳೆಯೇ ಜುಮ್ರದ್ ಬೀದಿಗೆ. ಅವನು ಸಿಕ್ಕಿದ ದಿನ ಅವನ ಬಲಗೈ ಕಡಿಯುವ ಕಟ್ಟೆಗೆ.

ಹುರ್ಮತ್ ಹೆಣ್ಣುಮಕ್ಕಳಿಗೆ ಓದು ಕಲಿಸುವ ಓತಿನ್. ಗಂಡಸರು ಕಾಲಿಡಲಾಗದ ಒಳಅಂಗಳದಲ್ಲಿ ಏನಾದರೂ ಪತ್ತೆಯಾಗಬೇಕಿದ್ದರೆ ಖಾಜಿ ಅವಳನ್ನೇ ಕಳಿಸುತ್ತಿದ್ದ. ನಾಲಿಗೆ ಸ್ವಲ್ಪ ಹರಿತ, ಕಣ್ಣು ಅದಕ್ಕಿಂತ ಹರಿತ.

ಅವಳು ರೊಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದಳು. ದಪ್ಪ ಅಂಚಿನ ಮೇಲೆ ಒಂದು ಕಚ್ಚು. ಒಣಗಿ ಕಲ್ಲಾಗಿದ್ದರಿಂದ ಹಲ್ಲಿನ ಗುರುತು ಅಚ್ಚೊತ್ತಿದ ಹಾಗೆ ನಿಂತಿತ್ತು. ಮೇಲಿನ ಸಾಲು ಎಲ್ಲೂ ಮುರಿಯದೆ ಒಂದೇ ಬಿಲ್ಲಿನ ಹಾಗೆ ಬಾಗಿತ್ತು.

"ಜುಮ್ರದ್, ಅಳೋದು ಆಮೇಲೆ. ನಿನ್ನ ಗಂಡನ ಮುಂದಿನ ಹಲ್ಲು ಏನಾದ್ವು?"

"ಊರಿಗೆಲ್ಲ ಗೊತ್ತಿರೋದನ್ನ ನನ್ನ ಯಾಕೆ ಕೇಳ್ತೀರಿ? ಬಾಲದ ನಕ್ಷತ್ರ ಬಂದ ವರ್ಷ ಆಕಾಶ ನೋಡ್ತಾ ನೋಡ್ತಾ ಮೀನಾರಿನ ಮೆಟ್ಟಿಲಿಂದ ಬಿದ್ದು ಎರಡೂ ಹೋದ್ವು. ರೊಟ್ಟೀನ ಸಾರಲ್ಲಿ ನೆನೆಸಿ ಕೊಡ್ತಿದ್ದೆ..."

ಹುರ್ಮತ್ ರೊಟ್ಟಿಯನ್ನು ಅವಳ ಮುಖದ ಮುಂದೆ ಹಿಡಿದಳು.

"ಹಲ್ಲಿಲ್ಲದವನು ಹೀಗೆ ಕಚ್ತಾನೇನೇ?"

ಜುಮ್ರದ್ ಬೆರಳು ಚಾಚಿ ಆ ಗುರುತನ್ನು ಮುಟ್ಟಿದಳು. ದಿನಕ್ಕೆ ಹತ್ತು ಸಲ ಆ ರೊಟ್ಟಿಯ ಕೆಳಗೆ ನಿಂತು ದುವಾ ಮಾಡಿದ್ದವಳು, ಒಂದು ಸಲವೂ ಅದನ್ನು ನೋಡಿರಲಿಲ್ಲ.

"ಹಾಗಾದ್ರೆ ಅವರು ಬುಖಾರಾಕ್ಕೆ ಹೋಗಲೇ ಇಲ್ವಾ?"

"ಇದನ್ನ ತಂದುಕೊಟ್ಟಿದ್ದು ಯಾರು?"

"ಎಷ್ಮತ್ ಖಾರಿ, ಮೀನಾರಲ್ಲಿ ಬಾಂಗ್ ಕೂಗೋನು, ಅವರ ಶಿಷ್ಯ. ಉಸ್ತಾದರು ಅವಸರದಲ್ಲಿ ಛತ್ರದಿಂದಾನೇ ಬುಖಾರಾದ ಕಾರವಾನಿನ ಜೊತೆ ಹೊರಟ್ರು, ಕಚ್ಚಿ ಕಳಿಸಿದಾರೆ ಅಂದ."

ಹುರ್ಮತ್ ರೊಟ್ಟಿಯನ್ನು ವಸ್ತ್ರದಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಂಡಳು. ಸುಳ್ಳು ಹೇಳಿದವನು ಬರಿಗೈಯಲ್ಲಿ ಬಂದು ಹೇಳಬಹುದಿತ್ತು. ಆದರೆ ಕಚ್ಚಿದ ರೊಟ್ಟಿಯಿಲ್ಲದೆ ಈ ಊರಿನ ಯಾವ ಹೆಂಡತಿ ತಾನೇ ಗಂಡ ಹೊರಟ ಅಂತ ನಂಬುತ್ತಾಳೆ? ನಂಬಿಸಬೇಕಾಗಿತ್ತು, ಹಾಗಾಗಿ ಯಾರೋ ಕಚ್ಚಬೇಕಾಗಿತ್ತು.

"ಓತಿನ್‌ಬೀ," ಜುಮ್ರದ್ ಬಾಗಿಲವರೆಗೂ ಓಡಿ ಬಂದಳು. "ರೊಟ್ಟಿ ಇಳಿಸಿಬಿಟ್ರಿ. ಇನ್ನು ಅವರನ್ನ ಕರ್ಕೊಂಡು ಬರೋ ಜವಾಬ್ದಾರಿ ನಿಮ್ಮದು."

ಹುರ್ಮತ್ ಎದೆಯೊಳಗಿನ ರೊಟ್ಟಿಯ ಮೇಲೆ ಕೈಯಿಟ್ಟುಕೊಂಡೇ ಹೊಸ್ತಿಲು ದಾಟಿದಳು.

ಮುಸುಕು ಎಳೆದುಕೊಂಡು ರೇಗಿಸ್ತಾನಿನ ಚೌಕದ ಕಡೆ ನಡೆಯುವಾಗ ಅವಳಿಗೆ ಬೆಳಗಿನ ಭೇಟಿ ನೆನಪಾಯಿತು. ದೂರನಳಿಗೆಯ ಒಡೆಯ ಹಾಜಿ ಮೀರ್‌ಕಾಸಿಂ ಇಸ್ಫಹಾನಿನಿಂದ ಅದನ್ನು ಬುಖಾರಾದ ಖಾನನಿಗೆ ಕಾಣಿಕೆಯೆಂದು ತಂದಿದ್ದ. ಅವಳು ಒಳಗೆ ಹೋದಾಗ ಅವನು ಹಾಸಿಗೆಯಿಂದ ಏಳಲಿಲ್ಲ. ಮನೆಗೆ ಬಂದವರಿಗೆ ಎದ್ದು ನಿಲ್ಲದಿದ್ದರೆ ಈ ಊರಿನಲ್ಲಿ ಮಾನ ಹೋದ ಹಾಗೆ. ಹಾಜಿಯಂತೂ ಎಂಬತ್ತು ದಾಟಿದ ಮೇಲೂ ಎದ್ದು ನಿಲ್ಲುವ ಜಾತಿಯವನು, ಈಗಿನ್ನೂ ಐವತ್ತೂ ಆಗಿಲ್ಲ.

"ಕ್ಷಮಿಸಿ ಓತಿನ್‌ಬೀ," ಅಂದಿದ್ದ. "ಆ ಕಳ್ಳಮುಲ್ಲಾ ನನ್ನನ್ನ ಮೆಟ್ಟಿಲಿಂದ ತಳ್ಳಿ ನಳಿಗೆ ಕಸ್ಕೊಂಡು ಹೋದ. ಮೂಳೆ ಎರಡು ತುಂಡು." ಪಾದದಿಂದ ಮೊಣಕಾಲವರೆಗೂ ಮೊಟ್ಟೆಯ ಬಿಳಿ, ಹಿಟ್ಟು ಬಳಿದ ಬಿಳಿ ಪಟ್ಟಿ ಸುತ್ತಿತ್ತು. ಮೈಮೇಲೆ ಅರಿಶಿನ ಬಣ್ಣದ ಪಟ್ಟೆ ನಿಲುವಂಗಿ. ಪಾಪ ಅನ್ನಿಸಿತ್ತು ಅವಳಿಗೆ.

ಚೌಕದ ಒಂದು ಕಡೆ ಹೊಸ ಮದರಸಾ ಏಳುತ್ತಿತ್ತು. ಅಟ್ಟಣಿಗೆಯ ಮೇಲೆ ಕೂತ ಕೆಲಸಗಾರರು ನೀಲಿ ಹೆಂಚು ಕೂರಿಸುತ್ತ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಎದುರಿಗೆ ಹಳೆಯ ಮದರಸಾದ ಮೀನಾರು. ನಕ್ಷತ್ರ ಎಣಿಸುತ್ತಿದ್ದ ಹಿಂದಿನ ಸುಲ್ತಾನ ಕಟ್ಟಿಸಿದ್ದು. ಅದರ ತುದಿಯಲ್ಲಿ ನಿಂತು ನೆರಳು ಅಳೆದು, ನಮಾಜಿನ ಹೊತ್ತು ಹೇಳುವುದು ತುರ್ಸುನನ ಕೆಲಸ; ಕೂಗುವುದು ಎಷ್ಮತ್‌ನದು. ಈಗ ಎರಡೂ ಎಷ್ಮತ್‌ನ ತಲೆಗೇ ಬಿದ್ದಿದ್ದವು.

ಮೀನಾರು ಹತ್ತುವವನು ಮೊದಲು ಕೂಗಿ ಎಚ್ಚರಿಸಬೇಕು, ಅಂಗಳದಲ್ಲಿದ್ದ ಹೆಂಗಸರು ಮರೆಗೆ ಹೋಗಲಿ ಅಂತ. ಹೆಂಗಸೇ ಹತ್ತಿದರೆ ಏನು ಕೂಗಬೇಕೋ ಯಾರೂ ನಿಯಮ ಮಾಡಿರಲಿಲ್ಲ. ಹುರ್ಮತ್ ಸದ್ದಿಲ್ಲದೆ ಹತ್ತಿದಳು.

ತುದಿಯಲ್ಲಿ ಎಷ್ಮತ್ ಖಾರಿ ನೆರಳಿನ ಕಡ್ಡಿಯ ಮುಂದೆ ಮಂಡಿಯೂರಿದ್ದ. ಇಳಿಹೊತ್ತಿನ ಅಸರ್ ನಮಾಜಿಗೆ ಇನ್ನೂ ಹೊತ್ತಿತ್ತು. ಅವಳನ್ನು ಕಂಡು ಬೆಚ್ಚಿಬಿದ್ದು, ತನ್ನ ಹಿಂದಿದ್ದ ಪಾರಿವಾಳದ ಗೂಡಿನ ಕಡೆ ಒಂದು ಹೆಜ್ಜೆ ಸರಿದು ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರು ಇರುತ್ತಾರೆ. ಇವನು ಇನ್ನೂ ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡ.

"ಓತಿನ್‌ಬೀ! ಇಲ್ಲಿ... ಹೆಂಗಸರು..."

"ಕೆಳಗಿನವರು ನೋಡಿದ್ರೆ ಖಾರಿಗೆ ಗಡ್ಡ ಉದುರಿದೆ ಅಂದ್ಕೊಳ್ತಾರೆ ಬಿಡಿ." ಅವಳು ಉಸಿರು ಹಿಡಿದು ಕಟಾಂಜನಕ್ಕೆ ಒರಗಿದಳು. "ನಿಮ್ಮ ಉಸ್ತಾದರು ನಿಮ್ಮ ಮುಂದೇನೇ ರೊಟ್ಟಿ ಕಚ್ಚಿದ್ರಾ?"

"ಅಲ್ಲಾಹನ ಆಣೆ, ನನ್ನ ಕಣ್ಣ ಮುಂದೇನೇ."

"ಯಾವ ಹಲ್ಲಲ್ಲಿ?"

ಎಷ್ಮತ್ ಬಾಯಿ ತೆರೆದ. ಸಾಲಾಗಿ ಜೋಡಿಸಿದಂಥ ಬಿಳಿ ಹಲ್ಲು. ಅವನಿಗೆ ಅದರ ಮೇಲೆ ಎಷ್ಟು ಹೆಮ್ಮೆಯೆಂದರೆ ಬಜಾರಿನಲ್ಲಿ ಬೆಲೆ ಕೇಳುವಾಗಲೂ ನಗುತ್ತಿದ್ದ.

ಅವಳು ವಸ್ತ್ರ ಬಿಚ್ಚಿ ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟಳು.

"ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅಂತಾರೆ. ದಾರಿಗೆ ಹೊರಟೆ ಅನ್ನೋನಿಗೆ ಹಲ್ಲಿರಲಿಲ್ಲ. ಹಲ್ಲಿದ್ದ ನೀವು ಊರಲ್ಲೇ ಇದ್ರಿ. ಬನ್ನಿ, ಇದರ ಪಕ್ಕದಲ್ಲೇ ಇನ್ನೊಂದು ಸಲ ಕಚ್ಚಿ. ಎರಡು ಗುರುತೂ ಒಂದೇ ಆದ್ರೆ ಖಾಜಿಗೆ ತೋರಿಸ್ತೀನಿ."

ಎಷ್ಮತ್ ರೊಟ್ಟಿಯನ್ನು ನೋಡಿದ. ಅದು ಗೋಡೆಯಿಂದ ಇಳಿದಿದೆ ಎಂಬುದು ಆಗ ಅವನಿಗೆ ಹೊಳೆಯಿತು.

"ಇಳಿಸಿಬಿಟ್ರಾ?" ಅವನ ದನಿ ಒಡೆಯಿತು. "ಅಯ್ಯೋ, ಉಸ್ತಾದರು ಇನ್ನೂ ಬಂದಿಲ್ವಲ್ಲಾ..."

ಅಲ್ಲಿಗೆ ಮುಗಿಯಿತು. ಅವನು ಕಟ್ಟೆಯ ಮೇಲೆ ಕುಸಿದು ಕೂತ.

"ಕೊಂದ್ರಾ?"

"ನಾನಾ? ಉಸ್ತಾದರನ್ನಾ?" ಎಷ್ಮತ್ ಎರಡೂ ಕೈಯಲ್ಲಿ ಕಿವಿ ಮುಟ್ಟಿಕೊಂಡ. "ನನಗೆ ಆಕಾಶ ತೋರಿಸಿದ್ದೇ ಅವರು. ಹಾಜಿ ಆ ನಳಿಗೆ ಏನಕ್ಕೆ ಅಂತ ಕೇಳೋಕೆ ನಮ್ಮ ಹತ್ರ ತಂದಿದ್ದ. ಒಂದೇ ಒಂದು ಸಂಜೆ ನೋಡೋಕೆ ಬಿಟ್ಟ. ಉಸ್ತಾದರು ನೋಡಿದ್ರು, ಅತ್ರು. ಸುಮ್ಮನೆ ಅಲ್ಲ ಓತಿನ್‌ಬೀ, ತಾಯಿ ಸತ್ತಾಗ ಅಳೋ ಹಾಗೆ ಅತ್ರು. ಶುಕ್ರನಿಗೆ ಚಂದ್ರನ ಹಾಗೆ ಕೊಂಬಿದೆ ಕಣೋ, ಗುರುವಿನ ಸುತ್ತ ಮರಿ ನಕ್ಷತ್ರಗಳಿವೆ ಕಣೋ ಅಂದ್ರು. ಬೆಳಗಾದ್ರೆ ಹಾಜಿ ಅದನ್ನ ಬುಖಾರಾಕ್ಕೆ ತಗೊಂಡು ಹೋಗೋನು. ಖಾನನ ಉಗ್ರಾಣಕ್ಕೆ ಹೋದದ್ದು ತಿರುಗಿ ಬರುತ್ತಾ?"

"ಕದ್ರಿ."

"ಎರವಲು ತಂದ್ವಿ. ಕೇಳದೆ." ಅವನು ತಲೆ ತಗ್ಗಿಸಿದ. "ಹಾಜಿ ಗೊರಕೆ ಹೊಡೀತಿದ್ದ. ಉಸ್ತಾದರು ದಿಂಬಿನ ಪಕ್ಕದಿಂದ ಎತ್ಕೊಂಡ್ರು, ಅಷ್ಟೆ."

"ಮೆಟ್ಟಿಲಿಂದ ತಳ್ಳಿದ್ದು?"

"ಯಾರನ್ನ? ಆ ಕೋಣೇಗೆ ಮೆಟ್ಟಿಲೇ ಇಲ್ಲ."

ಹುರ್ಮತ್‌ಗೆ ಬೆಳಗ್ಗೆ ಕಂಡ ಬಿಳಿ ಪಟ್ಟಿ ಕಣ್ಣ ಮುಂದೆ ಬಂತು. ಆದರೆ ಎಷ್ಮತ್ ಈಗ ನಿಲ್ಲುವ ಹಾಗಿರಲಿಲ್ಲ, ಕಟ್ಟೆಯೊಡೆದ ಕಾಲುವೆಯಾಗಿದ್ದ.

"ಕೂಹಕ್ ಗುಡ್ಡದ ಮೇಲೆ ಆ ಹಳೇ ಸುಲ್ತಾನನ ನಕ್ಷತ್ರಮನೆ ಇತ್ತಲ್ಲ, ಈಗ ಇಟ್ಟಿಗೆ ಗುಡ್ಡೆ. ಮಂತ್ರ ಇದೆ ಅಂತ ಯಾರೂ ಅತ್ತ ಹೋಗಲ್ಲ. ಉಸ್ತಾದರು ಇಲ್ಲಿಂದ ನಳಿಗೇಲಿ ನೋಡಿದಾಗ, ಗುಡ್ಡದಲ್ಲಿ ನರಿ ನುಗ್ಗೋ ಒಂದು ಸಂದಿ ಕಂಡಿತು. ರಾತ್ರಿ ಹೋಗಿ ನೋಡಿದ್ರೆ ಒಳಗೆ ಅಮೃತಶಿಲೆ! ನೆಲದೊಳಕ್ಕೆ ಬಾಗಿಕೊಂಡು ಇಳಿದಿರೋ ಅಳತೆಗೋಲು, ಗೆರೆ ಗೆರೆ ಕೊರೆದಿದ್ದು. ಸೂರ್ಯನನ್ನೇ ಅಳೀತಿದ್ದದ್ದು. ಒಂದು ವಾರ ಅಲ್ಲೇ ಇದ್ದು ಮರಿ ನಕ್ಷತ್ರ ಎಣಿಸಿ ಬರ್ತೀನಿ, ಯಾರೂ ಹುಡುಕದ ಹಾಗೆ ಮನೇಲಿ ರೊಟ್ಟಿ ತೂಗಿಸು ಅಂದ್ರು. ಅವರಿಗೆ ಕಚ್ಚೋಕೆ ಆಗಲಿಲ್ಲ. ನಾನೇ ಕಚ್ಚಿದೆ."

"ಆಮೇಲೆ?"

"ಮಾರನೇ ದಿನ ಊಟ ತಗೊಂಡು ಹೋದೆ. ನಳಿಗೆ ಕಲ್ಲಿನ ಮೇಲೆ ಇತ್ತು. ಚಪ್ಪಲಿ ಪಕ್ಕದಲ್ಲಿ. ಉಸ್ತಾದರು ಇರಲಿಲ್ಲ. ಸಂದಿ ಕುಸಿದು ಮುಚ್ಚಿಹೋಗಿತ್ತು." ಎಷ್ಮತ್ ಮುಖ ಮುಚ್ಚಿಕೊಂಡ. "ನಾನು ಮೊದಲು ನಳಿಗೆ ಎತ್ಕೊಂಡೆ ಓತಿನ್‌ಬೀ. ಆಮೇಲೆ ಅವರ ಹೆಸರು ಕೂಗಿದೆ. ಆ ಕ್ರಮದಲ್ಲಿ."

"ಯಾರಿಗೂ ಹೇಳಲಿಲ್ಲ."

"ಹೇಳಿದ್ರೆ ಕೈ ಹೋಗುತ್ತೆ, ಅವರದೂ ನನ್ನದೂ. ಬದುಕಿದ್ರೆ ಹೊರಗೆ ಬರ್ತಾರೆ ಅಂತ ದಿನಾ ಇಲ್ಲಿಂದ ನೋಡ್ತೀನಿ. ಏನೂ ಕಾಣಲ್ಲ. ಹಳೇ ಹೆಂಚಿನ ಚೂರೊಂದು ಬಿಸಿಲಿಗೆ ಮಿಂಚುತ್ತೆ, ಅಷ್ಟೆ."

ಅವನು ಪಾರಿವಾಳದ ಗೂಡಿಗೆ ಕೈಹಾಕಿ, ಕಂಬಳಿ ಸುತ್ತಿದ ನಳಿಗೆಯನ್ನು ಹೊರಗೆಳೆದ. ಕೆಂಪು ಚರ್ಮ ಹೊದಿಸಿದ ಒಂದು ಕೊಳವೆ. ರೊಟ್ಟಿ ಲಟ್ಟಿಸುವ ಕೋಲಿಗಿಂತ ಸ್ವಲ್ಪ ಉದ್ದ. ಇದಕ್ಕಾ ಇಷ್ಟೆಲ್ಲ ಅನ್ನಿಸಿತು ಹುರ್ಮತ್‌ಗೆ.

"ಗುಡ್ಡ ತೋರಿಸಿ," ಅಂದಳು.

"ಹಿಡಿಯೋಕೆ ಅಭ್ಯಾಸ ಬೇಕು. ಮೊದಲು ಅಲ್ಲಿ ನೋಡಿ, ದೊಡ್ಡದು ಬೇಗ ಸಿಗುತ್ತೆ."

ಮೂಡಣದ ನೀಲಿಯಲ್ಲಿ ಹಗಲ ಚಂದ್ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಗಿ ಬೆಳೆದು, ಯಾರಿಗೂ ಬೇಡವಾದವನ ಹಾಗೆ ಮಂಕಾಗಿ ನಿಂತಿದ್ದ. ಹುರ್ಮತ್ ಕಟಾಂಜನಕ್ಕೆ ನಳಿಗೆ ಊರಿ ಕಣ್ಣಿಟ್ಟಳು. ಮೊದಲು ತನ್ನದೇ ರೆಪ್ಪೆ ಕಂಡಿತು. ಆಮೇಲೆ ಬರೀ ನೀಲಿ. ಆಮೇಲೆ ಚಂದ್ರ ಒಳಗೆ ಬಂದ.

ಅವಳು ನಳಿಗೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

ಅದು ತಟ್ಟೆಯಲ್ಲ, ದೀಪವಲ್ಲ. ಅದೊಂದು ನೆಲ. ಬೆಳಕು ಮುಗಿದು ನೀಲಿ ಶುರುವಾಗುವ ಅಂಚು ಹರಕು ಹರಕಾಗಿತ್ತು. ಅಲ್ಲಿ ಗುಂಡಿಗಳಿದ್ದವು, ತಂದೂರಿನಿಂದ ಆಗ ತಾನೇ ಕಿತ್ತ ರೊಟ್ಟಿಯ ಮೇಲೆ ಒಡೆದ ಗುಳ್ಳೆಗಳ ಹಾಗೆ. ಗುಂಡಿಯ ಒಂದು ದಡಕ್ಕೆ ಬಿಸಿಲು, ಇನ್ನೊಂದು ದಡಕ್ಕೆ ನೆರಳು. ನೆರಳು ಬೀಳಬೇಕಾದರೆ ಎತ್ತರ ಇರಬೇಕು. ಬೆಟ್ಟ! ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಎಲ್ಲಕ್ಕಿಂತ ದೂರದ ಬೆಟ್ಟ ಇಷ್ಟು ದಿನ ತಲೆಯ ಮೇಲೆಯೇ ಇತ್ತು, ಅದಕ್ಕೇ ಇಷ್ಟು ನುಣ್ಣಗಿತ್ತು.

ಅವಳು ಹುಟ್ಟಿದಾಗಿನಿಂದ ಅದನ್ನು ನೋಡಿ ಉಪವಾಸ ಹಿಡಿದಿದ್ದಳು, ಉಪವಾಸ ಬಿಟ್ಟಿದ್ದಳು. ಗಂಡ ಹೋದ ಮೇಲೆ ಅದರ ಜೊತೆ ಮಾತಾಡಿದ್ದಳು. ಒಂದು ಊರಿನ ಜೊತೆ ಮಾತಾಡುತ್ತಿದ್ದೇನೆಂದು ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಬೆಟ್ಟಗಳೆಲ್ಲ ಅಲ್ಲಾಡಿದವು. ಒರೆಸಿಕೊಂಡು ಮತ್ತೆ ನೋಡಿದಳು. ಅಲ್ಲೇ ಇದ್ದವು.

"ಯಾ ರಬ್," ಎಂದಳು ಕೊನೆಗೆ. "ಇಷ್ಟೆಲ್ಲ ಮಾಡಿಟ್ಟು ಒಂದು ಮಾತೂ ಹೇಳಲಿಲ್ವಲ್ಲ."

"ಉಸ್ತಾದರೂ ಇದನ್ನೇ ಅಂದಿದ್ರು," ಅಂದ ಎಷ್ಮತ್ ಮೆಲ್ಲಗೆ.

ಉಸ್ತಾದ್ ಅಂದ ಕೂಡಲೇ ಅವಳು ಭೂಮಿಗೆ ಇಳಿದಳು. ನಳಿಗೆಯನ್ನು ತಗ್ಗಿಸಿದಳು. ಬಜಾರಿನ ಚಾವಣಿಗಳು, ಯಾರದೋ ಅಂಗಳದಲ್ಲಿ ಒಣಹಾಕಿದ ಜರ್ದಾಲು ಹಣ್ಣು, ಪಾಪ್ಲರ್ ಮರದ ಸಾಲು, ಎಲ್ಲ ಕಣ್ಣಿನೊಳಗೇ ನುಗ್ಗಿ ಜಾರಿಹೋದವು. ಕೊನೆಗೆ ಕೂಹಕ್ ಗುಡ್ಡ ಸಿಕ್ಕಿತು. ಬೋಳು ಮಣ್ಣು, ಇಟ್ಟಿಗೆ ಗುಡ್ಡೆ.

ಚಕ್ ಎಂದು ಏನೋ ಮಿಂಚಿತು.

ನಂದಿತು. ಮತ್ತೆ ಮಿಂಚಿತು. ಎರಡು ಸಲ, ಬಿಟ್ಟು ಎರಡು ಸಲ.

"ಎಷ್ಮತ್, ಹೆಂಚಿನ ಚೂರು ತಾನಾಗೇ ಅಲ್ಲಾಡುತ್ತಾ?"

ಅವನು ನಳಿಗೆ ಕಿತ್ತುಕೊಂಡು ನೋಡಿದ. ಮುಖ ಬಿಳುಚಿತು. "ಅವರ ಹಿತ್ತಾಳೆ ಬಿಲ್ಲೆ... ನಕ್ಷತ್ರ ಅಳೆಯೋದು... ಸದಾ ಕುತ್ತಿಗೇಲಿರುತ್ತೆ. ಬಿಸಿಲು ಹಿಡಿದು ನನಗೇ ತೋರಿಸ್ತಿದಾರೆ! ಸಂದಿ ಪೂರ್ತಿ ಮುಚ್ಚಿಲ್ಲ. ಬದುಕಿದಾರೆ ಓತಿನ್‌ಬೀ, ಬದುಕಿದಾರೆ! ದಿನಾ ಕರೀತಿದ್ರು, ನಾನು..."

"ಕೊಡಿ ಇಲ್ಲಿ."

ಅವಳು ಮತ್ತೆ ಕಣ್ಣಿಟ್ಟಾಗ ಗುಡ್ಡದ ಮೇಲೆ ಒಬ್ಬ ಮನುಷ್ಯ ನಿಂತಿದ್ದ. ಮುಖ ತಿಳಿಯುತ್ತಿರಲಿಲ್ಲ. ಅರಿಶಿನ ಬಣ್ಣದ ಪಟ್ಟೆ ನಿಲುವಂಗಿ ತಿಳಿಯುತ್ತಿತ್ತು. ಅದರ ಅಂಚನ್ನು ಸೊಂಟಕ್ಕೆ ಸಿಕ್ಕಿಸಿದ್ದ. ಪಾದದಿಂದ ಮೊಣಕಾಲವರೆಗೂ ಒಂದು ಕಾಲು ಬೆಳ್ಳಗಿತ್ತು. ಆ ಎರಡು ತುಂಡಾದ ಕಾಲನ್ನು ಇಟ್ಟಿಗೆಯ ಮೇಲೆ ಗಟ್ಟಿಯಾಗಿ ಊರಿ, ಹಾಜಿ ಮೀರ್‌ಕಾಸಿಂ ಮಿಂಚು ಬರುತ್ತಿದ್ದ ಕಡೆಗೆ ಸಲಿಕೆಯಿಂದ ಮಣ್ಣು ತಳ್ಳುತ್ತಿದ್ದ. ಕಾಲು ಮುರಿದು ಮಲಗಿದವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ; ಮುಲ್ಲಾ ಬದುಕಿ ಬಂದರೆ ಮಾತ್ರ ಮೆಟ್ಟಿಲಿನ ಸುಳ್ಳು ಹೊರಬೀಳುತ್ತದೆ.

"ಹಾಜೀ!" ಹುರ್ಮತ್ ಕಿರುಚಿದಳು. ಪಾರಿವಾಳಗಳು ಎದ್ದು ಹಾರಿದವು. ಕೆಳಗೆ ಹೆಂಚಿನ ಕೆಲಸಗಾರನೊಬ್ಬ ತಲೆಯೆತ್ತಿದ. ಗುಡ್ಡದ ಮೇಲಿನವನು ತಿರುಗಲೂ ಇಲ್ಲ. ಕೈ ಚಾಚಿದರೆ ಆ ನಿಲುವಂಗಿ ಹಿಡಿಯಬಹುದು ಅನ್ನುವಷ್ಟು ಹತ್ತಿರ. ಕುದುರೆ ಓಡಿಸಿಕೊಂಡು ಹೋದರೂ ಅಷ್ಟರಲ್ಲಿ ಮುಗಿದುಹೋಗುವಷ್ಟು ದೂರ.

ಮತ್ತೊಂದು ಸಲಿಕೆ. ಮಿಂಚು ಒಂದೇ ಸಲ ಬಂತು.

"ಎಷ್ಮತ್, ನಿಮ್ಮ ಕೂಗು ಗುಡ್ಡಕ್ಕೆ ಕೇಳುತ್ತಾ?"

"ಗಾಳಿ ಇದ್ರೆ ಅದರಾಚೆಗೂ ಕೇಳುತ್ತೆ."

"ಬಾಂಗ್ ಕೊಡಿ."

"ಈಗಲಾ?" ಅವನು ನೆರಳಿನ ಕಡ್ಡಿ ನೋಡಿದ. ನೆರಳು ಗೆರೆ ಮುಟ್ಟಿರಲಿಲ್ಲ. "ಹೊತ್ತಾಗಿಲ್ಲ! ಹೊತ್ತಿಗೆ ಮುಂಚೆ ಕೂಗಿದ್ರೆ ಊರಿಗೆ ಊರೇ ಸುಳ್ಳು ಹೊತ್ತಲ್ಲಿ ನಮಾಜು ಮಾಡುತ್ತೆ. ಆ ಪಾಪ ಯಾರು ಹೊರ್ತಾರೆ? ಇವತ್ತಿನವರೆಗೂ ಈ ಮೀನಾರಿಂದ..."

"ಹಾಜಿಗೆ ಎಲ್ಲಾದ್ರೂ ನಮಾಜು ತಪ್ಪಿಸಿ ಗೊತ್ತಿದೆಯಾ? ಬಾಂಗ್ ಕೇಳಿದ್ರೆ ಸಲಿಕೆ ಕೆಳಗಿಡಬೇಕು. ಎರಡು ಉಸಿರಾದ್ರೂ ಉಳಿಯುತ್ತೆ. ನೀವು ಮೊದಲು ನಳಿಗೆ ಎತ್ಕೊಂಡ್ರಿ ಎಷ್ಮತ್. ಈಗಲಾದ್ರೂ ಮೊದಲು ಉಸ್ತಾದರನ್ನ ಎತ್ಕೊಳ್ಳಿ!"

ಎಷ್ಮತ್ ಕಿವಿಗೆ ಕೈಯಿಟ್ಟ. ಕೂಗಿದ. ಜೀವಮಾನದಲ್ಲಿ ಹಾಗೆ ಅವನು ಕೂಗಿರಲಿಲ್ಲ. ಕೆಳಗೆ ಚೌಕದಲ್ಲಿ ತಕ್ಕಡಿಗಳು ನಿಂತವು. ಜನ ತಮ್ಮ ನೆರಳು ನೋಡಿಕೊಂಡು, ಮೀನಾರು ನೋಡಿ, ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಬೈಯುತ್ತ ಮೀನಾರಿನ ಬಾಗಿಲು ಬಡಿಯತೊಡಗಿದರು.

ಹುರ್ಮತ್ ನಳಿಗೆಯಿಂದ ಕಣ್ಣು ತೆಗೆಯಲಿಲ್ಲ. ಸಲಿಕೆ ಅರ್ಧಕ್ಕೆ ನಿಂತಿತು. ಹಾಜಿ ಅದನ್ನು ಕೆಳಗಿಟ್ಟ. ನಿಲುವಂಗಿಯ ಅಂಚು ಬಿಚ್ಚಿ ಇಳಿಬಿಟ್ಟು, ಪಶ್ಚಿಮಕ್ಕೆ ತಿರುಗಿ ಕೈಯೆತ್ತಿದ. ಅವಳು ಎದೆಯ ಮೇಲಿನ ವಸ್ತ್ರ ಹಿಚುಕಿ ಹಿಡಿದು, ಬೇಗ ಎಷ್ಮತ್, ನಿಲ್ಲಿಸಬೇಡಿ ಎಂದು ಪಿಸುಗುಟ್ಟಿದಳು.

ಎತ್ತಿದ ಕೈ ಅಲ್ಲೇ ನಿಂತಿತು. ಹಾಜಿ ತಲೆ ಬಗ್ಗಿಸಿ ಕಾಲ ಬಳಿ ಬಿದ್ದ ತನ್ನ ನೆರಳನ್ನು ನೋಡಿದ. ದೇಶ ದೇಶ ಸುತ್ತಿದ ವ್ಯಾಪಾರಿ. ಹೊತ್ತು ಅವನಿಗೂ ಗೊತ್ತಿತ್ತು, ಇದು ಹೊತ್ತಲ್ಲದ ಕೂಗೆಂಬುದೂ.

ಮೆಲ್ಲಗೆ ತಲೆಯೆತ್ತಿ, ಹಣೆಗೆ ಕೈ ಅಡ್ಡ ಹಿಡಿದು ಮೀನಾರನ್ನೇ ನೋಡಿದ. ಅಷ್ಟು ದೂರದಿಂದ ಅವನಿಗೆ ಏನೂ ಕಾಣಲಾರದು. ಆದರೂ ಹುರ್ಮತ್ ಹಿಂದಕ್ಕೆ ಸರಿದಳು.

ಅವಳು ಮತ್ತೆ ಕಣ್ಣಿಟ್ಟಾಗ ಅವನು ಸಲಿಕೆ ಎತ್ತಿಕೊಂಡಿದ್ದ. ಈ ಸಲ ಮಣ್ಣು ತಳ್ಳಲಿಲ್ಲ. ಮಿಂಚು ಬರುತ್ತಿದ್ದ ಸಂದಿಯನ್ನು ಕಾಲಿನಿಂದ ಒದ್ದು ಅಗಲ ಮಾಡಿದ, ಸಲಿಕೆಯನ್ನು ಮುಂದೆ ಹಿಡಿದುಕೊಂಡು ಒಳಗೆ ಇಳಿದ.